ಗಡಿಯಾರ ಹಿಂದೆ ಸರಿಯುವ ಭಾನುವಾರ

ಹುಣಸೂರಿನಲ್ಲಿ ಕಾವ್ಯಶ್ರೀಗೆ ಎರಡು ಹೆಸರು. ಬಾಡಿಗೆ ಕೋಣೆಯ ಯಜಮಾನಿ ರಾಮಮ್ಮನವರಿಗೆ, ಹಾಲಿನವನಿಗೆ, ಹೂ ಮಾರುವವಳಿಗೆ ಅವಳು ಕಾವ್ಯಶ್ರೀ. ಬೆಳಗಿನ ಐದು ಗಂಟೆಗೆ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹೆಡ್‌ಫೋನ್ ಸಿಕ್ಕಿಸಿಕೊಂಡಳೋ, ಅಲ್ಲಿಗೆ ಕೇಟ್. ಮಿಸ್ ಕೇಟ್. ಅಮೆರಿಕದ ಮಕ್ಕಳಿಗೆ ನಮ್ಮ ಹೆಸರು ನಾಲಿಗೆಗೆ ಹೊರಳುವುದಿಲ್ಲವಂತೆ, ಹಾಗೆಂದು ಕಂಪನಿಯವರೇ ತೀರ್ಮಾನ ಮಾಡಿದ್ದರು. ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಆ ಕಂಪನಿ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಸಾಲಾಗಿ ಹತ್ತು ಕಂಪ್ಯೂಟರು, ಕೆಳಗೊಂದು ಜನರೇಟರು, ಬೋರ್ಡಿನ ಮೇಲೆ ಬರೆದ ಹಾಗೆ ಬರೆಯಲು ಒಂದೊಂದು ಎಲೆಕ್ಟ್ರಾನಿಕ್ ಪೆನ್ನು. ಇಲ್ಲಿ ಬರೆದದ್ದು ಆ ಕ್ಷಣವೇ ಭೂಮಿಯ ಆಚೆ ಬದಿಯ ಯಾವುದೋ ಮನೆಯ ಪರದೆಯ ಮೇಲೆ ಮೂಡುತ್ತಿತ್ತು. ಬೆಳಿಗ್ಗೆ ಅಮೆರಿಕದ ಮಕ್ಕಳು, ಮಧ್ಯಾಹ್ನ ಆಸ್ಟ್ರೇಲಿಯದವರು, ಸಂಜೆ ದುಬೈಯವರು. ಕಿಟಕಿಗಳಿಗೆಲ್ಲ ಹಳೆಯ ಹಾಸಿಗೆ ಒತ್ತಿ ಮೊಳೆ ಹೊಡೆದಿದ್ದರು. ಒಮ್ಮೆ ಭಿನ್ನರಾಶಿಯ ಪಾಠದ ನಡುವೆ ಪಕ್ಕದ ಮನೆಯ ಹುಂಜ ಕೂಗಿ, ಅಲ್ಲಿನ ತಾಯಿಯೊಬ್ಬಳು ‘ನೀವು ಎಲ್ಲಿಂದ ಪಾಠ ಮಾಡುತ್ತಿದ್ದೀರಿ?’ ಎಂದು ಕೇಳಿಬಿಟ್ಟಿದ್ದಳು. ಹೆಸರು ಹೇಳಬಾರದು, ಊರು ಹೇಳಬಾರದು, ಮನೆಯ ಮಾತು ಆಡಬಾರದು, ಎಲ್ಲ ರೆಕಾರ್ಡ್ ಆಗುತ್ತದೆ ಎಂದು ಸೂಪರ್‌ವೈಸರ್ ಧರ್ಮೇಂದ್ರ ಮೊದಲ ದಿನವೇ ಹೇಳಿದ್ದ. ಒಳ್ಳೆಯ ಹುಡುಗ. ಆ ನಿಯಮ ಹೇಳುವಾಗ ಅವನಿಗೇ ನಾಚಿಕೆಯಾದ ಹಾಗಿತ್ತು.

ಕಾವ್ಯಶ್ರೀ ಈ ಕೆಲಸಕ್ಕೆ ಬಂದದ್ದು ಹೊಟ್ಟೆಪಾಡಿಗಲ್ಲ. ಹನಗೋಡಿನಲ್ಲಿ ಗಂಡನ ಮನೆಗೆ ನೀರಾವರಿ ಜಮೀನಿತ್ತು, ಹೊಗೆಸೊಪ್ಪು ಬೇಯಿಸುವ ಸ್ವಂತ ಬ್ಯಾರನ್ ಮನೆಯೂ ಇತ್ತು. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಕಾಲೇಜಿಗೇ ಮೊದಲಿಗಳಾಗಿ ಪಾಸಾದವಳು ಅವಳು. ಬಿ.ಎಡ್. ಮಾಡಬೇಕು ಅನ್ನುವಷ್ಟರಲ್ಲಿ ಮದುವೆ, ಮದುವೆಯ ಹಿಂದೆಯೇ ಮಗಳು ರಮ್ಯಾ. ಎಷ್ಟೋ ವರ್ಷ ಒಲೆಯ ಮುಂದೆ ಕುಳಿತು ಬೂದಿಯಲ್ಲಿ ಕಡ್ಡಿಯಿಂದ ಲೆಕ್ಕ ಗೀಚುತ್ತಿದ್ದವಳಿಗೆ ಪಾಠ ಮಾಡಲು ಒಂದು ಮಗು ಸಿಕ್ಕಿದರೆ ಸಾಕಾಗಿತ್ತು. ಗಂಡ ಲಿಂಗರಾಜು ಅದನ್ನು ಕಂಡಿದ್ದ. “ಓಗು, ಮಾಡು. ಇಲ್ಲಿ ನಾವಿದ್ದೀವಿ” ಎಂದಿದ್ದ.

ತೊಡಕೆಲ್ಲ ಇದ್ದದ್ದು ಐದು ಗಂಟೆಯಲ್ಲಿ. ಹನಗೋಡಿನಿಂದ ಹೊರಡುವ ಮೊದಲ ಬಸ್ಸೆಂದರೆ ರಾತ್ರಿ ಅರಳಿಕಟ್ಟೆಯ ಹತ್ತಿರ ನಿಂತು ಮಲಗುವ ನೈಟ್ ಹಾಲ್ಟ್ ಬಸ್ಸು. ಅದು ಏಳುವುದೇ ಐದಕ್ಕೆ, ಹುಣಸೂರು ಮುಟ್ಟುವಾಗ ಐದೂಮುಕ್ಕಾಲು. ಬೈಕಿನಲ್ಲಿ ಬಿಡೋಣವೆಂದರೆ ಅದು ಆನೆ ಓಡಾಡುವ ಹೊತ್ತು, ರಾಗಿ ತಿಂದು ಕಾಡಿಗೆ ತಿರುಗುವ ಹಿಂಡು ರಸ್ತೆಯಲ್ಲೇ ಸಿಕ್ಕುತ್ತಿತ್ತು. ಮಗಳನ್ನು ಹುಣಸೂರಿಗೆ ಕರೆತಂದರೆ, ಬೆಳಗಿನ ಜಾವ ಆ ಮಗುವನ್ನು ಕೋಣೆಯಲ್ಲಿ ಒಂದನ್ನೇ ಬಿಟ್ಟು ಹೋಗುವುದು ಹೇಗೆ? ಹೀಗಾಗಿ ಕಾವ್ಯಶ್ರೀ ಹುಣಸೂರಿನಲ್ಲಿ, ರಮ್ಯಾ ಹನಗೋಡಿನಲ್ಲಿ ಅಜ್ಜಿಯ ಮಗ್ಗುಲಲ್ಲಿ. ಶನಿವಾರ ಹೋಗುವುದು, ಭಾನುವಾರ ಸಂಜೆ ಆರರ ಬಸ್ಸಿಗೆ ಬರುವುದು.

ಮೊದಮೊದಲು ಭಾನುವಾರ ಸಂಜೆಯೆಂದರೆ ಮನೆಯಲ್ಲಿ ದೊಡ್ಡ ರಾದ್ಧಾಂತ. ಹೊರಡುವ ಹೊತ್ತಿಗೆ ಕಾವ್ಯಶ್ರೀಯ ಚಪ್ಪಲಿ ಮಾಯವಾಗಿರುತ್ತಿತ್ತು. ಬ್ಯಾರನ್ನಿನ ಸೌದೆ ರಾಶಿಯ ಹಿಂದೆ ಒಂದು ಸಲ, ಕೋಳಿ ಮಂಕರಿಯ ಕೆಳಗೆ ಒಂದು ಸಲ, ಇನ್ನೊಂದು ಸಲ ರಾಗಿ ವಾಡೆಯೊಳಗೆ. ರಮ್ಯಾ ಮಾತ್ರ ತನಗೇನೂ ಗೊತ್ತಿಲ್ಲದವಳ ಹಾಗೆ ಜಗಲಿಯ ಮೇಲೆ ಕಾಲಾಡಿಸುತ್ತ ಕೂತಿರುತ್ತಿದ್ದಳು. ಹುಡುಕಿ, ಬೈದು, ಮುತ್ತು ಕೊಟ್ಟು, ಓಡಿ ಬಸ್ಸು ಹತ್ತುವಷ್ಟರಲ್ಲಿ ಕಾವ್ಯಶ್ರೀಗೆ ಉಸಿರು ಕಟ್ಟುತ್ತಿತ್ತು.

ಆಮೇಲಾಮೇಲೆ ಹುಡುಗಿ ಬಚ್ಚಿಡುವುದನ್ನು ಬಿಟ್ಟಳು. ಆ ವರ್ಷ, ಎರಡು ಸಾವಿರದ ಏಳರ ದಸರಾ ರಜೆ ಮುಗಿದ ಭಾನುವಾರ, ರಮ್ಯಾ ತಾನಾಗಿಯೇ ಚಪ್ಪಲಿಗಳನ್ನು ತಂದು ಹೊಸಿಲಿನ ಮುಂದೆ ಜೋಡಿಸಿಟ್ಟಳು. ಮೂತಿ ರಸ್ತೆಯ ಕಡೆಗೆ ತಿರುಗಿಸಿ.

“ಬಸ್ ಬತ್ತದೆ, ಓಗವ್ವ” ಎಂದಳು.

ಅತ್ತೆ ಶಿವನಂಜಮ್ಮ ಸೊಪ್ಪು ವಿಂಗಡಿಸುತ್ತಿದ್ದವರು ತಲೆಯೆತ್ತಿ, “ನೋಡವ್ವ, ಬುದ್ಧಿ ಬಂತು ನಮ್ಮ ಕೂಸ್ಗೆ” ಎಂದು ನಕ್ಕರು. ಕಾವ್ಯಶ್ರೀಗೆ ಮಾತ್ರ ತಿಳಿಯಿತು. ಬುದ್ಧಿಯಲ್ಲ ಇದು. ಮಗಳು ತನ್ನನ್ನು ಲೆಕ್ಕದಿಂದ ಬಿಟ್ಟುಬಿಟ್ಟಿದ್ದಾಳೆ. ಬಸ್ಸಿನಲ್ಲಿ ಕೂತು, ಇವಳು ಮತ್ತೆ ಒಂದೇ ಒಂದು ಸಲ ಚಪ್ಪಲಿ ಬಚ್ಚಿಟ್ಟರೆ ಸಾಕಪ್ಪ ದೇವರೇ ಎಂದು ಬೇಡಿಕೊಂಡಳು. ಯಾವ ತಾಯಿಯೂ ದೇವರ ಹತ್ತಿರ ಇಂಥ ಬೇಡಿಕೆ ಇಟ್ಟಿರಲಾರಳು.

ಬೆಳಗಿನ ಐದರ ಕ್ಲಾಸು ನೋರಾಳದು. ಒಂಬತ್ತು ವರ್ಷದ ಹುಡುಗಿ, ಅಮೆರಿಕದಲ್ಲಿ ಅಜ್ಜಿಯ ಜೊತೆ ಇದ್ದಳು. ಅಲ್ಲಿ ಆಗ ಹಿಂದಿನ ದಿನದ ಸಂಜೆ ಏಳೂವರೆ, ಊಟ ಮುಗಿಸಿ ಕೂತಿರುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಬರೀ ಧ್ವನಿ. ನೆಗಡಿಯಾದರೆ ತಿಳಿಯುತ್ತಿತ್ತು, ಬಾಯಲ್ಲಿ ಬಿಸ್ಕತ್ತಿದ್ದರೆ ತಿಳಿಯುತ್ತಿತ್ತು. ಅಷ್ಟರಿಂದಲೇ ಕಾವ್ಯಶ್ರೀ ಅವಳಿಗೊಂದು ಮುಖ ಮಾಡಿಕೊಂಡಿದ್ದಳು. ಅದರ ಮೂಗು ರಮ್ಯಾಳದೇ.

ನೋರಾಳಿಗೆ ಕೂಡು-ಕಳೆ ಸಲೀಸು, ಕಥೆಯ ಲೆಕ್ಕ ಬಂದರೆ ಮುನಿಸು. ‘ಈ ಲೆಕ್ಕದಲ್ಲಿರುವ ಜನ ಯಾರೆಂದು ನನಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರ ಸೇಬು ನಾನೇಕೆ ಎಣಿಸಲಿ?’ ಎಂದು ಒಮ್ಮೆ ಕೇಳಿದಳು. ನ್ಯಾಯವಾದ ಮಾತು. ಅಂದಿನಿಂದ ಕಾವ್ಯಶ್ರೀ ಪುಸ್ತಕದ ಲೆಕ್ಕ ಬಿಟ್ಟು ಸ್ವಂತ ಲೆಕ್ಕ ಹೆಣೆಯತೊಡಗಿದಳು. ರಮ್ಯಾ ಎಂಬ ಹುಡುಗಿ, ಅವಳ ಮಡಿಲಲ್ಲಿ ಹದಿನೆಂಟು ಸೀಬೆ, ಮೂರರಲ್ಲೊಂದು ಹಣ್ಣಾಗಿದೆ, ಅಜ್ಜಿಗೆ ಹಲ್ಲಿಲ್ಲವಾದ್ದರಿಂದ ಹಣ್ಣಾದವು ಮಾತ್ರ ಅವಳಿಗೆ. ಅಜ್ಜಿಗೆ ಸಿಕ್ಕಿದ್ದೆಷ್ಟು? ನೋರಾ ಹೊಟ್ಟೆ ಹಿಡಿದು ನಕ್ಕು ಸರಿಯಾದ ಉತ್ತರ ಹೇಳಿದಳು.

‘ಮಿಸ್ ಕೇಟ್, ರಮ್ಯಾ ನಿಜವಾಗಿ ಇದ್ದಾಳಾ?’

ರೆಕಾರ್ಡಿಂಗಿನ ಕೆಂಪು ಚುಕ್ಕೆ ಪರದೆಯ ಮೂಲೆಯಲ್ಲಿ ಮಿನುಗುತ್ತಿತ್ತು. ‘ಲೆಕ್ಕದೊಳಗೆ ಇರುವವರೆಲ್ಲ ನಿಜ’ ಎಂದಳು ಕಾವ್ಯಶ್ರೀ. ಮನೆಯ ಮಾತು ಆಡಬಾರದೆಂದು ನಿಯಮವಿತ್ತೇ ಹೊರತು, ಲೆಕ್ಕ ಆಡಬಾರದೆಂದು ಯಾರೂ ಹೇಳಿರಲಿಲ್ಲ. ಹೀಗೆ ಶುರುವಾಯಿತು. ಇವಳು ದಿನಕ್ಕೊಂದು ಲೆಕ್ಕ ಹೇಳುವುದು, ಅವಳೂ ತಿರುಗಿ ಒಂದು ಲೆಕ್ಕ ಹಾಕುವುದು. ನೋರಾಳ ತಾಯಿ ಸೈನ್ಯದಲ್ಲಿ ನರ್ಸ್, ದೂರದ ಮರಳುಗಾಡಿನ ದೇಶದಲ್ಲಿದ್ದಾಳೆ ಎಂಬುದು ಕೂಡ ಒಂದು ಭಾಗಾಕಾರದಲ್ಲಿ ಗೊತ್ತಾದದ್ದು.

ಅಕ್ಟೋಬರ್ ಕೊನೆಯ ವಾರದಲ್ಲಿ ನೋರಾ ಒಂದು ಲೆಕ್ಕ ಹಾಕಿದಳು.

‘ಅಮ್ಮ ಭಾನುವಾರ ಫೋನ್ ಮಾಡುತ್ತಾಳೆ. ನೋರಾ ವಾರವೆಲ್ಲ ಕೂಡಿಟ್ಟ ಹತ್ತು ಮಾತು ಅವಳಿಗೆ ಹೇಳಬೇಕು. ಫೋನ್ ಬಂದಾಗ ಬಾಯಿಗೆ ಬರುವುದು ಮೂರೇ. ಉಳಿದ ಏಳು ಎಲ್ಲಿ ಹೋದವು?’

ಕಾವ್ಯಶ್ರೀಯ ಪೆನ್ನು ನಿಂತಿತು. ಶನಿವಾರ ತಾನು ‘ಏನ್ ಸಮಾಚಾರ ಮಗ’ ಎಂದು ಕೇಳಿದರೆ ರಮ್ಯಾ ‘ಏನಿಲ್ಲ’ ಎನ್ನುವುದು ನೆನಪಾಯಿತು.

‘ಮಿಸ್ ಕೇಟ್? ಇದು ಕಳೆಯುವ ಲೆಕ್ಕ ತಾನೇ?’

‘ನನಗೆ ಗೊತ್ತಿಲ್ಲ ನೋರಾ’ ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಮಿಸ್ ಕೇಟ್‌ಗೆ ಲೆಕ್ಕವೊಂದು ಬರಲಿಲ್ಲ.

ಆ ಶುಕ್ರವಾರವೇ ಧರ್ಮೇಂದ್ರ ಗೋಡೆಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: ಸೋಮವಾರದಿಂದ ಅಮೆರಿಕದ ಕ್ಲಾಸುಗಳು ಒಂದು ಗಂಟೆ ತಡ. ಚಳಿಗಾಲ ಬಂದರೆ ಅಲ್ಲಿನವರು ಒಂದು ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿಬಿಡುತ್ತಾರೆ. ಹೊತ್ತು ಅವರಪ್ಪನ ಮನೆಯದು ಎಂಬಂತೆ! ಅಲ್ಲಿ ಏಳೂವರೆ ಎಂದರೆ ಇಲ್ಲಿ ಇನ್ನು ಐದಲ್ಲ, ಆರು. ಹಿಂದಿನ ವರ್ಷ ಕಾವ್ಯಶ್ರೀ ಹನಗೋಡಿನಿಂದಲೇ ಓಡಾಡಿಕೊಂಡು ಸಂಜೆಯ ಮಕ್ಕಳಿಗಷ್ಟೇ ಪಾಠ ಮಾಡುತ್ತಿದ್ದರಿಂದ ಇದರ ಕಡೆ ಗಮನ ಕೊಟ್ಟಿರಲಿಲ್ಲ. ಈಗ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದಳು. ಆರು ಗಂಟೆ. ನೈಟ್ ಹಾಲ್ಟ್ ಬಸ್ಸು ಐದೂಮುಕ್ಕಾಲಿಗೆ ಬರುತ್ತದೆ!

ದುಬೈ ಮಕ್ಕಳ ಪಾಠ ಏಳಕ್ಕೆ ಮುಗಿದರೆ ಅದೇ ಬಸ್ಸು ಏಳೂವರೆಗೆ ಹನಗೋಡಿಗೆ ಹೊರಡುತ್ತದೆ. ಅದರ ಜೊತೆಯಲ್ಲೇ ಹೋಗಿ, ಅದು ಅರಳಿಕಟ್ಟೆಯ ಬಳಿ ಮಲಗುವ ಹೊತ್ತಿಗೆ ತಾನು ಮಗಳ ಬಳಿ ಮಲಗಿ, ಅದು ಎದ್ದಾಗ ಏಳಬಹುದು. ಮಾರ್ಚ್‌ವರೆಗೆ ಪ್ರತಿ ರಾತ್ರಿ. ಯಾವುದೋ ದೇಶದವರು ಗಡಿಯಾರದ ಮುಳ್ಳು ತಿರುಗಿಸಿದರೆ ಹನಗೋಡಿನಲ್ಲಿ ಒಂದು ಮಗುವಿಗೆ ತಾಯಿ ಸಿಕ್ಕುತ್ತಾಳೆ. ಅವಳಿಗೆ ಆ ಅಮೆರಿಕದವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಶನಿವಾರ ಮನೆಗೆ ಕಾಲಿಟ್ಟವಳೇ ಮಗಳನ್ನು ಎಳೆದು ಕೂರಿಸಿಕೊಂಡಳು. “ಇನ್ಮೇಲೆ ದಿನಾ ರಾತ್ರಿ ಇಲ್ಲೇ ಮಲಗ್ತೀನಿ ಕಣ್ಮಗ. ನಿನ್ನ ಪಕ್ಕದಲ್ಲೇ.”

“ನಾಳೀಕೂವಾ?”

“ನಾಳೀಕೂ. ನಾಳಿದ್ಕೂ.”

ರಮ್ಯಾ ಅವಳ ಮುಖವನ್ನು ಒಂದು ಗಳಿಗೆ ನೋಡಿ, “ಸುಳ್ಳು” ಎಂದು ಎದ್ದು ಹೋದಳು.

ಭಾನುವಾರ ಆರರ ಬಸ್ಸು ಬಂದು ಹೋಯಿತು. ಕಾವ್ಯಶ್ರೀ ಹತ್ತಲಿಲ್ಲ. ರಮ್ಯಾ ಜಗಲಿಯಿಂದ ಬಸ್ಸನ್ನೂ ಅವ್ವನನ್ನೂ ನೋಡಿದಳು, ಮತ್ತೆ ಬಸ್ಸನ್ನು ನೋಡಿದಳು. ಮಲಗುವಾಗ ತನ್ನ ತಲೆದಿಂಬನ್ನು ಅಜ್ಜಿಯ ಮಗ್ಗುಲಿಂದ ಎತ್ತಿ ತಂದು ಅವ್ವನ ಪಕ್ಕದಲ್ಲಿ ಹಾಕಿದಳು. ಬೆಳಗಿನ ಜಾವ ಕಾವ್ಯಶ್ರೀ ಏಳುವಾಗ ಆ ಪುಟ್ಟ ಕೈ ಅವಳ ಸೆರಗಿನ ತುದಿಯನ್ನು ಹಿಡಿದೇ ಇತ್ತು. ಅದನ್ನು ಮೆತ್ತಗೆ ಬಿಡಿಸಿಕೊಂಡು, ಸಂಜೆ ಬರುತ್ತೇನಲ್ಲ ಎಂಬ ಸುಖದಲ್ಲಿ ಅವಳು ಬಸ್ಸು ಹತ್ತಿದಳು.

ಮಹಡಿ ಹತ್ತಿದರೆ ಧರ್ಮೇಂದ್ರ ತಲೆ ಮೇಲೆ ಕೈಹೊತ್ತು ಕುಳಿತಿದ್ದ. “ಮೇಡಂ, ಎಡವಟ್ಟಾಗೋಯ್ತು. ಗಡಿಯಾರ ತಿರ್ಗ್ಸೋ ಭಾನುವಾರ ನಿನ್ನೆ ಅಲ್ವಂತೆ, ಮುಂದಿನ ವಾರ ಅಂತೆ. ಈ ವರ್ಷದಿಂದ ಅವ್ರು ಕಾನೂನು ಬದಲಾಯ್ಸವ್ರೆ. ನಾನು ಹೋದ ವರ್ಷದ್ದು ನೋಡಿ ಬರ್ದುಬುಟ್ಟೆ. ಐದು ಗಂಟೆ ಕ್ಲಾಸಿಗೆ ನಮ್ಮೋರು ಒಬ್ರೂ ಇರ್ನಿಲ್ಲ. ಇನ್ನೊಂದು ವಾರ ಐದಕ್ಕೇ ಬರ್ಬೇಕು.”

ಕಾವ್ಯಶ್ರೀ ತನ್ನ ಕಂಪ್ಯೂಟರಿಗೆ ಓಡಿದಳು. ನೋರಾ ಹೋಗಿಬಿಟ್ಟಿದ್ದಳು. ಪರದೆಯ ಮೇಲೆ ಅವಳು ಬರೆದ ಸಾಲುಗಳಷ್ಟೇ ಉಳಿದಿದ್ದವು. ‘ಮಿಸ್ ಕೇಟ್, ನಾನು ಬಂದಿದ್ದೇನೆ.’ ಸ್ವಲ್ಪ ಬಿಟ್ಟು, ‘ನಾನೊಬ್ಬಳೇ ಲೆಕ್ಕ ಮಾಡುತ್ತಿದ್ದೇನೆ.’ ಎಷ್ಟೋ ಹೊತ್ತು ಬಿಟ್ಟು ಕೊನೆಯ ಸಾಲು, ‘ನೀವೂ ದೂರ ಹೋದಿರಾ?’

ಒಂದು ಮಗುವಿನ ಕೈ ಬಿಡಿಸಿಕೊಂಡು ಬಂದು ಇನ್ನೊಂದು ಮಗುವನ್ನು ಕಾಯಿಸಿದ್ದಾಯಿತು. ಈಗ ಮೊದಲನೆಯದಕ್ಕೆ ಹೇಳಬೇಕು, ಇನ್ನೊಂದು ವಾರ ಬರುವುದಿಲ್ಲ ಎಂದು. ಒಂದು ವಾರ ಎಂದರೆ ದೊಡ್ಡವರಿಗೆ ಏನೂ ಅಲ್ಲ. ‘ಸುಳ್ಳು’ ಎಂದ ಹುಡುಗಿಗೆ ಅದು ಸುಳ್ಳೇ. ಕಾವ್ಯಶ್ರೀ ಲಿಂಗರಾಜುವಿನ ಮೊಬೈಲಿಗೆ ಫೋನ್ ಮಾಡಿ, ರಮ್ಯಾ ಇಸ್ಕೂಲಿಂದ ಬಂದ ಮೇಲೆ ಮಾತಾಡಿಸಿ ಎಂದು ಹೇಳಲು ಹೊರಟವಳು ಬಾಯಿ ತಡೆದಳು. ಫೋನಿನಲ್ಲಿ ಬಾಯಿಗೆ ಬರುವುದು ಮೂರೇ ಮಾತು. ದುಬೈ ಮಕ್ಕಳನ್ನು ಜೊತೆಯ ರೂಪಶ್ರೀಗೆ ಒಪ್ಪಿಸಿ ಮೂರು ಗಂಟೆಯ ಬಸ್ಸು ಹತ್ತಿದಳು.

ಸ್ಕೂಲ್ ಚೀಲ ಬೆನ್ನಿಗೇರಿಸಿಕೊಂಡು ಬಂದ ರಮ್ಯಾ, ಬೆಳಕಿರುವಾಗಲೇ ಅವ್ವ ಬಂದದ್ದು ಕಂಡು ಕುಣಿಯಲಿಲ್ಲ. ಅನುಮಾನದಿಂದ ನಿಂತಳು. ಕಾವ್ಯಶ್ರೀ ಅವಳನ್ನು ಬ್ಯಾರನ್ನಿನ ಹಿಂದೆ ಸೌದೆ ರಾಶಿಯ ಹತ್ತಿರ ಕರೆದುಕೊಂಡು ಹೋಗಿ, ಒಂದು ದಿಮ್ಮಿಯ ಮೇಲೆ ಕೂರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಇವತ್ತು ಆರರ ಬಸ್ಸಿಗೇ ಹೋಗಬೇಕು. ಒಂದು ವಾರ. ಆಮೇಲೆ ದಿನಾ.

“ನಂಗೊತ್ತಿತ್ತು” ಎಂದಳು ರಮ್ಯಾ. ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು.

“ಒಂದ್ ಲೆಕ್ಕ ಕೇಳ್ತೀನಿ ಮಗ, ಬಿಡಿಸ್ತೀಯಾ?”

“ಇಸ್ಕೂಲಲ್ಲಿ ಮಾಡಿ ಮಾಡಿ ಸಾಕಾಗದೆ.”

“ಇದು ಇಸ್ಕೂಲ್ದಲ್ಲ. ನಿನ್ನಂಗೇ ಒಬ್ಳು ಹುಡ್ಗಿ ಕೇಳವ್ಳೆ. ನಂಗೆ ಬರ್ನಿಲ್ಲ.” ಅವ್ವನಿಗೆ ಬಾರದ ಲೆಕ್ಕ ಎಂದದ್ದಕ್ಕೆ ರಮ್ಯಾ ಕಿವಿ ನಿಮಿರಿಸಿದಳು. “ಅವ್ಳ ಅವ್ವ ದೂರದಲ್ಲವ್ಳೆ. ವಾರಕ್ಕೊಂದ್ಸಲ ಫೋನ್ ಮಾಡ್ತಾಳೆ. ಹುಡ್ಗಿ ಹತ್ತ್ ಮಾತ್ ಕೂಡಿಟ್ಕಂಡಿರ್ತಾಳೆ, ಬಾಯಿಗ್ ಬರೋದು ಮೂರೇಯ. ಉಳ್ದ ಏಳು ಎಲ್ಲೋದೊ?”

ರಮ್ಯಾ ಯೋಚಿಸಲೇ ಇಲ್ಲ. “ಎಲ್ಲೂ ಓಗಿಲ್ಲ ಕಣವ್ವ. ಅವ್ವ ಇರೋಗಂಟ ಬರಾಕಿಲ್ಲ. ಬಸ್ಸು ಓದ್ಮೇಲೆ ಎಲ್ಲಾ ಒಂದೇ ಸಲ ನೆಪ್ಪಾಯ್ತವೆ.”

“ಆಗ ಯಾರ್ಗೆ ಹೇಳ್ತೀಯಾ?”

“ಅಜ್ಜೀಗ್ ಏಳಿದ್ರೆ ಅದು ನಿದ್ದೆ ಮಾಡ್ಬುಡ್ತದೆ.” ಪಕ್ಕದ ಸೌದೆಯ ಮೇಲೆ ಕೈಯಿಟ್ಟಳು. “ಇಲ್ ಬಂದ್ ಏಳ್ಕತೀನಿ.”

ಕಾವ್ಯಶ್ರೀಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಾನು ಕಾಣದ ಊರಿನ ಮಗುವಿನ ಉಸಿರಲ್ಲಿ ನೆಗಡಿ ಗುರುತಿಸುತ್ತಿದ್ದಳು. ಇಲ್ಲಿ ತನ್ನ ಹೊಟ್ಟೆಯ ಕೂಸು ಕಟ್ಟಿಗೆಯ ಜೊತೆ ಮಾತಾಡುತ್ತಿತ್ತು.

ಅವ್ವ ಅಳುವುದನ್ನು ರಮ್ಯಾ ಎಂದೂ ನೋಡಿರಲಿಲ್ಲ. ದಿಮ್ಮಿಯ ಮೇಲೆ ಹತ್ತಿರಕ್ಕೆ ಸರಿದು ಕೇಳಿದಳು. “ಆ ಹುಡ್ಗಿ ಅವ್ವ ಯಾವಾಗ್ ಬತ್ತದೆ?”

“ಗೊತ್ತಿಲ್ಲ ಕಣ್ಮಗ. ಅವ್ಳಿಗೂ ಗೊತ್ತಿಲ್ಲ.”

“ನಾಳೆ ನೀ ಓಗ್ದಿದ್ರೆ ಅವ್ಳು ಕಾಯ್ತಾ ಕುಂತಿರ್ತಾಳಾ?”

“ಇವತ್ತೇ ಕಾಯ್ತಾ ಕುಂತಿದ್ಲು. ನಾನ್ ನಿನ್ ತಾವ್ ಮಲ್ಗಿದ್ದೆ.”

ರಮ್ಯಾ ಅದನ್ನು ಮನಸ್ಸಿನಲ್ಲಿ ತೂಗುತ್ತ ಕುಳಿತಳು. ಆಮೇಲೆ ಬಾಯಿ ಬಿಟ್ಟಳು ನೋಡಿ! ಕರು ಹಾಕಿದ ಹಸು ಹಾಯಲು ಬಂದದ್ದು, ಪಕ್ಕದ ಮನೆಯ ಚಿಕ್ಕಸಿದ್ದಮ್ಮನ ಮೊಮ್ಮಗಳು ಬಳಪ ಕದ್ದದ್ದು, ಮೇಷ್ಟ್ರು ಇವಳ ಅಕ್ಷರ ಹೊಗಳಿದ್ದು, ರಾತ್ರಿ ಹೊಳೆಯ ಆಚೆ ಆನೆ ಘೀಳಿಟ್ಟದ್ದು. ಒಂದರ ಮೇಲೊಂದು ಬಂದವು. ಕಾವ್ಯಶ್ರೀ ಎಣಿಸಲಿಲ್ಲ. ಮಾತು ಇನ್ನೂ ಮುಗಿಯದಿರುವಾಗಲೇ ತಿರುವಿನಲ್ಲಿ ಆರರ ಬಸ್ಸು ಹಾರನ್ ಹೊಡೆಯಿತು.

ಹಿತ್ತಲಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಹೊಸಿಲಿಗೆ ಓಡಿ ಬಂದು ನೋಡಿದರೆ ಚಪ್ಪಲಿ ಒಂದೇ ಇತ್ತು. ಎಡಗಾಲಿನದು. ಬಲಗಾಲಿನದು ಜಗಲಿಯ ಕೆಳಗಿಲ್ಲ, ಬಾಗಿಲ ಹಿಂದಿಲ್ಲ. ಕಾವ್ಯಶ್ರೀ ತಲೆಯೆತ್ತಿದಳು. ಆ ಅರೆಗಳಿಗೆಯಲ್ಲಿ ರಮ್ಯಾ ಎಲ್ಲಿಗೋ ಹೋಗಿ ಬಂದು ಈಗ ಅಜ್ಜಿಯ ಹಿಂದೆ ನಿಂತಿದ್ದಳು.

“ಒಂದ್ ಅವ್ಳಿಗೆ” ಎಂದಳು, ಅಜ್ಜಿಯ ಸೀರೆಯ ಮರೆಯಿಂದ. “ಒಂದ್ ನಂಗೆ.”

ಶಿವನಂಜಮ್ಮನಿಗೆ ಏನೂ ಅರ್ಥವಾಗಲಿಲ್ಲ. “ಮತ್ತೆ ಸುರು ಅಚ್ಕಂಡ್ಳಲ್ಲ ಈ ಮುಂಡೇದು! ನನ್ ಚಪ್ಲಿ ಮೆಟ್ಕಂಡ್ ಓಗವ್ವ, ಬಸ್ ಬುಟ್ಬುಡ್ತಾನೆ” ಎಂದರು. ಕಾವ್ಯಶ್ರೀ ಹುಡುಕಲಿಲ್ಲ, ಬೈಯಲೂ ಇಲ್ಲ. ಮಗಳನ್ನು ಬರಸೆಳೆದು ಅಪ್ಪಿಕೊಂಡು, ಅತ್ತೆಯ ಸವೆದ ಹವಾಯಿ ಚಪ್ಪಲಿಗೆ ಕಾಲು ತೂರಿಸಿ ಓಡಿದಳು. ಎಡಗಾಲಿನ ಚಪ್ಪಲಿ ಹೊಸಿಲಲ್ಲೇ ಉಳಿಯಿತು. ಹುಣಸೂರಿನವರೆಗೂ ಅವಳ ಕಣ್ಣೀರು ನಿಲ್ಲಲಿಲ್ಲ, ತುಟಿಯ ಮೇಲಿನ ನಗುವೂ ಹೋಗಲಿಲ್ಲ. ಕಂಡಕ್ಟರು ಟಿಕೆಟ್ ಕೊಡುವಾಗ ಎರಡು ಸಲ ತಿರುಗಿ ನೋಡಿದ.

ಮರುದಿನ ಐದಕ್ಕೆ ಮೊದಲೇ ಅವಳು ಹೆಡ್‌ಫೋನ್ ಹಾಕಿ ಕುಳಿತಿದ್ದಳು.

‘ಬಂದಿರಾ’ ಎಂದಿತು ನೋರಾಳ ಧ್ವನಿ. ಬಿಗಿದುಕೊಂಡ ಧ್ವನಿ. ರಮ್ಯಾಳ ‘ನಂಗೊತ್ತಿತ್ತು’ ಇಂಗ್ಲಿಷಿನಲ್ಲಿ ಹೀಗೇ ಇರಬೇಕು.

‘ಗಡಿಯಾರದ ಲೆಕ್ಕ ತಪ್ಪಾಯಿತು ನೋರಾ. ನಿನ್ನನ್ನು ಕಾಯಿಸಿದೆ. ಕ್ಷಮಿಸು. ನಿನ್ನ ಏಳು ಮಾತಿನ ಲೆಕ್ಕಕ್ಕೆ ಉತ್ತರ ಸಿಕ್ಕಿದೆ. ರಮ್ಯಾ ಬಿಡಿಸಿದಳು. ಅವು ಎಲ್ಲೂ ಹೋಗಿಲ್ಲವಂತೆ. ಅಮ್ಮ ಫೋನ್ ಇಟ್ಟ ಮೇಲೆ ಬರುತ್ತವಂತೆ.’

‘ಹೌದು’ ಎಂದಳು ನೋರಾ. ‘ರಮ್ಯಾಳಿಗೆ ಹೇಗೆ ಗೊತ್ತು?’

‘ಅವಳ ಮೇಲೆಯೇ ಒಂದು ಲೆಕ್ಕ ಇದೆ, ಹೇಳಲಾ? ರಮ್ಯಾಳ ಅಮ್ಮ ದೂರದ ಊರಿನಲ್ಲಿ ಕೆಲಸ ಮಾಡುತ್ತಾಳೆ. ಅಮ್ಮನ ಹತ್ತಿರ ಇರುವುದು ಒಂದು ಜೊತೆ ಚಪ್ಪಲಿ. ಅಮ್ಮ ಹೊರಡುವಾಗ ರಮ್ಯಾ ಒಂದು ಚಪ್ಪಲಿ ಬಚ್ಚಿಟ್ಟಳು.’

‘ತಡೆಯಿರಿ’ ಎಂದಳು ನೋರಾ. ‘ಆ ಅಮ್ಮನ ಹೆಸರೇನು? ಯಾವ ಲೆಕ್ಕದಲ್ಲೂ ಅವಳ ಹೆಸರು ಹೇಳಿಲ್ಲ ನೀವು. ಹೆಸರು ಗೊತ್ತಿಲ್ಲದಿದ್ದರೆ ನನಗೆ ಲೆಕ್ಕ ಬರುವುದಿಲ್ಲ.’

ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಅದರಾಚೆ ಧರ್ಮೇಂದ್ರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇವಳ ಕಡೆಗೇ ನೋಡುತ್ತಿದ್ದ. ಇವಳು ನೋಡಿದೊಡನೆ ಬೋರ್ಡಿನ ಮೇಲೆ ತಾನು ಬರೆದದ್ದನ್ನು ಒರೆಸಲು ಎದ್ದು ಹೋದ.

‘ಕಾವ್ಯಶ್ರೀ’ ಎಂದಳು.

ನೋರಾ ಆ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಮೊದಲ ಸಲ ಮುರಿಯಿತು, ಎರಡನೆಯ ಸಲ ಅರ್ಧ ಬಂತು, ಮೂರನೆಯ ಸಲ ಪೂರ್ತಿ ಬಂತು.

‘ಸರಿ. ಈಗ ಹೇಳು’ ಎಂದಳು ಕಾವ್ಯಶ್ರೀ. ‘ಎರಡರಲ್ಲಿ ಒಂದನ್ನು ಬಚ್ಚಿಟ್ಟಳು. ಉಳಿದದ್ದು ಎಷ್ಟು?’

‘ಒಂದು’ ಎಂದಿತು ಆ ಕಡೆಯ ಧ್ವನಿ. ಮತ್ತೆ ತಕ್ಷಣ, ‘ಅಲ್ಲ ಅಲ್ಲ. ಸೊನ್ನೆ.’

‘ಸೊನ್ನೆ ಹೇಗೆ?’

‘ಒಂದೇ ಚಪ್ಪಲಿ ಹಾಕಿಕೊಂಡು ಎಲ್ಲಿಗೂ ಹೋಗಲು ಆಗುವುದಿಲ್ಲವಲ್ಲ. ಅವಳು ಎಲ್ಲೇ ಇದ್ದರೂ, ಹೋಗಿಲ್ಲ ಅಂತಲೇ ಲೆಕ್ಕ.’

ಕಾವ್ಯಶ್ರೀ ಮೇಜಿನ ಕೆಳಗೆ ತನ್ನ ಕಾಲಿನಲ್ಲಿದ್ದ ಅತ್ತೆಯ ಚಪ್ಪಲಿಗಳನ್ನು ನೋಡಿಕೊಂಡಳು. ಆಮೇಲೆ ಪೆನ್ನು ಎತ್ತಿಕೊಂಡು ಪರದೆಯ ಮೇಲೆ ದೊಡ್ಡದೊಂದು ಸೊನ್ನೆ ಬರೆದು, ಅದರ ಪಕ್ಕದಲ್ಲಿ ಸರಿ ಗುರುತು ಹಾಕಿದಳು.